ಹದಿನಾಲ್ಕು ಮೊಳದ ಈಟಿ, ಒಂದೂವರೆ ಮೊಳದ ಕತ್ತಿ

ಉತ್ತರ ಗ್ರೀಸಿನ ವೆರ್ಗಿನಾದ ಸಂಗ್ರಹಾಲಯ ಹೊರಗಿನಿಂದ ಕಟ್ಟಡದಂತೆ ಕಾಣುವುದೇ ಇಲ್ಲ. ಹುಲ್ಲು ಹೊದ್ದ ದೊಡ್ಡದೊಂದು ಮಣ್ಣಿನ ದಿಬ್ಬ, ಅದರ ಮಗ್ಗುಲಲ್ಲಿ ನೆಲದೊಳಕ್ಕೆ ಇಳಿಯುವ ದಾರಿ. ಒಳಗೆ ಹೋದವರಿಗೆ ಕತ್ತಲೆ ಕಣ್ಣಿಗೆ ಪಳಗಲು ಒಂದಷ್ಟು ಹೊತ್ತು ಬೇಕು. ಆಮೇಲೆ ಒಂದೊಂದೇ ಬೆಳಗತೊಡಗುತ್ತದೆ: ಹದಿನಾರು ಕಿರಣಗಳ ನಕ್ಷತ್ರ ಕೆತ್ತಿದ ಚಿನ್ನದ ಅಸ್ಥಿಪೆಟ್ಟಿಗೆ, ಓಕ್ ಎಲೆಗಳ ಚಿನ್ನದ ಕಿರೀಟ, ಕಬ್ಬಿಣದ ಎದೆಗವಚ, ದಂತದ ಕುಸುರಿಯ ಗುರಾಣಿ. 1977ರ ನವೆಂಬರ್ 8ರಂದು ಪುರಾತತ್ತ್ವಜ್ಞ ಮನೋಲಿಸ್ ಆಂಡ್ರೊನಿಕೋಸ್ ಈ ಸಮಾಧಿಯ ಒಳಗೆ ಇಳಿದಾಗ, ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಯಾವ ಕಳ್ಳನ ಕೈಗೂ ಸಿಗದೆ ಇವೆಲ್ಲ ಉಳಿದಿದ್ದವು. ಇಲ್ಲಿ ಮಲಗಿದ್ದವನು ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅಲ್ಲವೆಂದು ವಾದಿಸುವವರೂ ಇದ್ದಾರೆ.

ಜನ ಚಿನ್ನದ ಮುಂದೆ ಮುಗಿಬಿದ್ದಿದ್ದರು. ನಾನು ಬಂದದ್ದು ಕಬ್ಬಿಣ ನೋಡಲು. ತುಕ್ಕಿನಲ್ಲಿ ಕಪ್ಪಾದ ಈಟಿಯ ಮೊನೆಗಳ ಮುಂದೆ ನಿಂತು, ಇವುಗಳ ಹಿಂದೆ ಇದ್ದು ಈಗ ಇಲ್ಲವಾದ ಮರದ ದಂಡವನ್ನು ಮನಸ್ಸಿನಲ್ಲೇ ಬೆಳೆಸುತ್ತಾ ಹೋದೆ. ಆ ದಂಡವೇ ಒಂದು ಕಾಲದಲ್ಲಿ ಗ್ರೀಸನ್ನು ಮಣಿಸಿ, ಪರ್ಷಿಯಾವನ್ನು ಮುರಿದು, ನಮ್ಮ ಝೇಲಂ ನದಿಯ ದಡದವರೆಗೂ ಬಂದು ಅರಸ ಪೌರವನ ಆನೆಗಳನ್ನು ಎದುರಿಸಿದ್ದು.

ಆ ಈಟಿಯ ಹೆಸರು ಸಾರಿಸ್ಸ. ಇತಿಹಾಸಕಾರ ಪಾಲಿಬಿಯಸ್ ಅದರ ಉದ್ದ 14 ಮೊಳ ಎಂದು ಬರೆದಿದ್ದಾನೆ, ಎಂದರೆ ಆರು ಮೀಟರಿಗೂ ಹೆಚ್ಚು. ಅವನಿಗಿಂತ ಹಿಂದಿನವನಾದ ಸಸ್ಯಶಾಸ್ತ್ರಜ್ಞ ಥಿಯೋಫ್ರಾಸ್ಟಸ್, ಕಾರ್ನೆಲ್ ಎಂಬ ಮರದ ಎತ್ತರ ಹೇಳುವಾಗ ಅತಿ ಉದ್ದದ ಸಾರಿಸ್ಸದಷ್ಟು, 12 ಮೊಳ, ಎಂದಿದ್ದಾನೆ. ಮರದ ಎತ್ತರ ತಿಳಿಯಲು ಈಟಿಯೇ ಅಳತೆಗೋಲು! ಆ ಕಾಲದ ಓದುಗನಿಗೆ ಈಟಿ ಅಷ್ಟು ಪರಿಚಿತವಾಗಿತ್ತು. ಕಾರ್ನೆಲ್ ಮರ ಇಂದಿಗೂ ಉತ್ತರ ಗ್ರೀಸಿನ ಬೆಟ್ಟಗಳಲ್ಲಿ ಬೆಳೆಯುತ್ತದೆ. ಕೆಂಪು ಹುಳಿಹಣ್ಣಿನ ಚಿಕ್ಕ ಮರ; ಅದರ ಕಟ್ಟಿಗೆ ಎಷ್ಟು ಗಟ್ಟಿಯೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಸಾರಿಸ್ಸದ ದಂಡಕ್ಕೆ ಈ ಮರವೇ ಒದಗಿತೆಂಬುದು ಬಹುಕಾಲದ ನಂಬಿಕೆ. ಇದೇ ಊರಿನ ಇನ್ನೊಂದು ಸಮಾಧಿಯಲ್ಲಿ ಆಂಡ್ರೊನಿಕೋಸ್‌ಗೆ ಅರ್ಧ ಮೀಟರ್ ಉದ್ದದ ಕಬ್ಬಿಣದ ಮೊನೆ, ಅದಕ್ಕೆ ಜೊತೆಯಾದ ಬುಡದ ಮುಳ್ಳು, ಮತ್ತು ಒಂದು ಗೇಣಿಗಿಂತ ಕಡಿಮೆ ಉದ್ದದ ಕಬ್ಬಿಣದ ಕೊಳವೆ ಸಿಕ್ಕಿದ್ದವು. ಎರಡು ತುಂಡು ದಂಡಗಳನ್ನು ಸೇರಿಸಲು ಆ ಕೊಳವೆ ಇದ್ದಿರಬೇಕೆಂದು ಕೆಲವರ ಊಹೆ. ಆರು ಮೀಟರಿನ ದಂಡವನ್ನು ಬೆಟ್ಟದ ದಾರಿಯಲ್ಲಿ ಹೊತ್ತು ನಡೆಯುವವನ ಪಾಡು ನೆನೆದರೆ ಆ ಊಹೆ ನನಗೂ ಸರಿಯೆನಿಸುತ್ತದೆ.

ಹೊರಗೆ ಬಂದು ಅಂಗಳದ ಕಲ್ಲುಹಾಸಿನ ಮೇಲೆ ಹೆಜ್ಜೆ ಹಾಕಿ ಆ ಉದ್ದವನ್ನು ಅಳೆದೆ. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿದಾಗ ಮೈ ಜುಮ್ಮೆಂದಿತು. ಆ ತುದಿಯಲ್ಲಿ ನಿಂತವನ ಮುಖದ ಭಾವ ನನಗೆ ಸ್ಪಷ್ಟವಾಗಿ ಕಾಣದು. ಅಷ್ಟು ದೂರದಿಂದ ಅವನನ್ನು ಇರಿಯಬಹುದು. ಅವನ ಕೈಯಲ್ಲಿ ಕತ್ತಿಯಿದ್ದರೆ ಅವನು ನನ್ನನ್ನು ತಲುಪುವ ಮಾತೇ ಇಲ್ಲ.

ಫಿಲಿಪ್ ಕ್ರಿ.ಪೂ. 359ರಲ್ಲಿ ಪಟ್ಟಕ್ಕೆ ಬಂದಾಗ ಮ್ಯಾಸಿಡೋನಿಯ ಬಡ ರಾಜ್ಯ. ಗ್ರೀಕ್ ನಗರಗಳ ಕಾಲಾಳುಗಳಿಗೆ ಕಂಚಿನ ಭಾರಿ ಗುರಾಣಿ ಇತ್ತು, ಒಂದೇ ಕೈಯಲ್ಲಿ ಹಿಡಿಯುವ ಎರಡು ಎರಡೂವರೆ ಮೀಟರ್ ಈಟಿ ಇತ್ತು; ಅದಕ್ಕೆ ಬೇಕಾದ ಹಣ ಆ ನಾಗರಿಕರ ಬಳಿ ಇತ್ತು. ಫಿಲಿಪ್‌ನ ಬಳಿ ಇದ್ದದ್ದು ಕುರಿ ಮೇಯಿಸುವ ಬೆಟ್ಟದ ಜನ. ಅವರಿಗೆ ಅವನು ಎರಡು ಕೈಗೂ ಒಂದು ಉದ್ದ ಕೋಲು ಕೊಟ್ಟ. ಕೈ ಖಾಲಿಯಿಲ್ಲದ ಕಾರಣ ಗುರಾಣಿಯನ್ನು ಚಿಕ್ಕದು ಮಾಡಿ ಕುತ್ತಿಗೆಗೆ ತೂಗುಹಾಕಿದ. ಆಮೇಲೆ ಕವಾಯತು, ಮತ್ತೆ ಕವಾಯತು. ಬಡತನದಿಂದ ಹುಟ್ಟಿದ ಉಪಾಯ ಎಂಬುದೇ ನನಗೆ ಇದರಲ್ಲಿ ಅತ್ಯಂತ ದೊಡ್ಡ ಬೆರಗು. ಕ್ರಿ.ಪೂ. 338ರಲ್ಲಿ ಕೈರೋನಿಯಾದಲ್ಲಿ ಈ ಸೈನ್ಯ ಅಥೆನ್ಸ್ ಮತ್ತು ಥೀಬ್ಸ್ ಎರಡನ್ನೂ ಸೋಲಿಸಿತು. ಅಲ್ಲಿ ಹೆದ್ದಾರಿಯ ಪಕ್ಕದಲ್ಲೇ ಕಲ್ಲಿನ ದೊಡ್ಡ ಸಿಂಹವೊಂದು ಕೂತಿದೆ. ಅದರ ಅಡಿಯ ಆವರಣವನ್ನು ಅಗೆದಾಗ ಸಾಲುಸಾಲಾಗಿ ಮಲಗಿಸಿದ 254 ಅಸ್ಥಿಪಂಜರಗಳು ಸಿಕ್ಕವು. ಥೀಬ್ಸಿನ ಹೆಸರಾಂತ ‘ಪವಿತ್ರ ದಳ’ದಲ್ಲಿ ಇದ್ದವರು 300 ಮಂದಿ.

ಸಮಾಧಿಯಿಂದ ನಡೆದುಹೋಗುವಷ್ಟು ದೂರದಲ್ಲೇ ಹಳೆಯ ರಾಜಧಾನಿಯ ರಂಗಮಂದಿರವಿದೆ. ಕೆಳಸಾಲಿನ ಕೆಲವು ಕಲ್ಲಾಸನಗಳಷ್ಟೇ ಉಳಿದಿವೆ. ಕ್ರಿ.ಪೂ. 336ರಲ್ಲಿ, ಮಗಳ ಮದುವೆಯ ಸಂಭ್ರಮದ ನಡುವೆ, ಫಿಲಿಪ್ ಬಿದ್ದದ್ದು ಇಲ್ಲಿ. ಅವನ ಅಂಗರಕ್ಷಕ ಪೌಸಾನಿಯಸ್ ಉಡುಪಿನೊಳಗೆ ಒಂದು ಚಿಕ್ಕ ಕಠಾರಿ ಬಚ್ಚಿಟ್ಟುಕೊಂಡು ಬಂದಿದ್ದ. ಲೋಕದಲ್ಲೇ ಅತಿ ಉದ್ದದ ಆಯುಧದ ಒಡೆಯನಿಗೆ ಮೈಗೆ ಮೈ ತಾಗುವಷ್ಟು ಹತ್ತಿರ ಬಂದವನಿಂದ ಸಾವು ಬಂತು. ಆ ಬಯಲಲ್ಲಿ ನಿಂತಾಗ, ಈಟಿ ಕತ್ತಿಗಳ ಜಗಳವೆಲ್ಲ ಕೊನೆಗೆ ದೂರದ ಜಗಳ ಎಂದು ನನಗೆ ಅನಿಸಿತು. ಈಟಿಯವನು ದೂರವನ್ನು ಕಾಯಬೇಕು, ಕತ್ತಿಯವನು ಅದನ್ನು ದಾಟಬೇಕು.

ಕತ್ತಿಯ ವಿಷಯಕ್ಕೆ ಬರುವ ಮುನ್ನ ಒಂದು ಮಾತು. ಮ್ಯಾಸಿಡೋನಿಯದವರ ಬಳಿ ಕತ್ತಿ ಇರಲಿಲ್ಲ ಎಂದೇನಿಲ್ಲ. ಗ್ರೀಸಿನ ಸಂಗ್ರಹಾಲಯಗಳಲ್ಲಿ ಕೊಪಿಸ್ ಎಂಬ ಬಾಗುಗತ್ತಿಯನ್ನು ನೋಡಿದಾಗ ಕೊಡಗಿನ ಒಡಿಕತ್ತಿಯೇ ಎದುರಿಗೆ ಬಂದಂತಾಯಿತು: ಅದೇ ಮುಂದಕ್ಕೆ ಬಾಗಿದ ಅಲಗು, ಒಳಬಾಗಿನಲ್ಲೇ ಹರಿತ, ತುದಿಯತ್ತ ಸೇರಿದ ಭಾರ. ನಂಟೇನೂ ಇರಲಾರದು, ಕಡಿಯುವ ಕೈ ಎಲ್ಲಿದ್ದರೂ ಅದೇ ಆಕಾರವನ್ನು ಕಂಡುಕೊಂಡಿದೆ. ಕ್ರಿ.ಪೂ. 334ರಲ್ಲಿ ಗ್ರಾನಿಕಸ್ ನದಿಯ ಕದನದಲ್ಲಿ ಅಲೆಕ್ಸಾಂಡರನ ಈಟಿ ಮುರಿದುಹೋದಾಗ, ಹಿಂದಿನಿಂದ ಎತ್ತಿದ ಪರ್ಷಿಯನ್ನನ ತೋಳನ್ನು ಕತ್ತರಿಸಿ ಅರಸನ ಜೀವ ಉಳಿಸಿದ್ದು ಅವನ ಸೇನಾನಿ ಕ್ಲೈಟಸ್‌ನ ಕತ್ತಿ. ಅದೇನಿದ್ದರೂ ಮ್ಯಾಸಿಡೋನಿಯದ ಕಾಲಾಳಿಗೆ ಕತ್ತಿ ಆಪತ್ಕಾಲದ ಆಯುಧ. ರೋಮನ್ನನಿಗೆ ಅದು ದಿನದ ಕಸುಬು.

ರೋಮನ್ನರ ಕತ್ತಿ ಸ್ಪೇನಿನಿಂದ ಕಲಿತದ್ದು. ಅಲಗು ಒಂದೂವರೆ ಮೊಳದಷ್ಟು, ಎರಡೂ ಅಂಚು ಹರಿತ, ತುದಿ ಚೂಪು. ಇರಿಯಲೂ ಬರುತ್ತದೆ, ಕಡಿಯಲೂ ಬರುತ್ತದೆ. ಕ್ರಿ.ಪೂ. 200ರ ಸುಮಾರಿಗೆ ಮ್ಯಾಸಿಡೋನಿಯದ ಐದನೆಯ ಫಿಲಿಪ್‌ಗೂ ರೋಮಿಗೂ ಯುದ್ಧ ಹತ್ತಿದಾಗಿನ ಸಂಗತಿಯೊಂದನ್ನು ರೋಮನ್ ಇತಿಹಾಸಕಾರ ಲಿವಿ ಹೇಳುತ್ತಾನೆ. ಚಕಮಕಿಯೊಂದರಲ್ಲಿ ಸತ್ತ ಕುದುರೆಯಾಳುಗಳ ಹೆಣಗಳನ್ನು, ಅವರಿಗೆ ಗೌರವದ ಸಂಸ್ಕಾರ ಮಾಡುವುದನ್ನು ಕಂಡರೆ ಉಳಿದವರಿಗೆ ಹುರುಪು ಬಂದೀತೆಂದು, ರಾಜ ಪಾಳೆಯಕ್ಕೆ ತರಿಸಿದ. ಆದದ್ದು ಬೇರೆಯೇ. ಅದುವರೆಗೆ ಈಟಿ ಬಾಣಗಳ ಗಾಯವನ್ನಷ್ಟೇ ಕಂಡಿದ್ದ ಸೈನಿಕರು ಭುಜದಿಂದಲೇ ಬೇರ್ಪಟ್ಟ ತೋಳು, ಕತ್ತರಿಸಿದ ಕುತ್ತಿಗೆ ನೋಡಿ ನಡುಗಿಹೋದರು. ಯಾವ ಜನರ ಎದುರು, ಯಾವ ಆಯುಧದ ಎದುರು ತಾವು ನಿಲ್ಲಬೇಕಾಗಿದೆ ಎಂಬುದು ಅವರಿಗೆ ಆಗ ಗೊತ್ತಾಯಿತು.

ಆದರೂ ಎದುರೆದುರು ನಿಂತರೆ ಗೆಲ್ಲುವುದು ಈಟಿಯೇ. ಇದನ್ನು ಹೇಳಿದವನು ರೋಮನ್ನರ ಬೆಳವಣಿಗೆಯನ್ನು ಹತ್ತಿರದಿಂದ ಕಂಡ ಪಾಲಿಬಿಯಸ್, ಆದ್ದರಿಂದ ಆ ಮಾತಿಗೆ ತೂಕವಿದೆ. ಅವನ ಲೆಕ್ಕ ಹೀಗೆ. ಹದಿನಾಲ್ಕು ಮೊಳದಲ್ಲಿ ನಾಲ್ಕು ಮೊಳ ಹಿಡಿತಕ್ಕೂ ಹಿಂಭಾರಕ್ಕೂ ಹೋಗಿ, ಮೊದಲ ಸಾಲಿನವನ ಮುಂದೆ ಹತ್ತು ಮೊಳ ಚಾಚಿರುತ್ತದೆ. ಎರಡನೆಯ ಸಾಲಿನವನದು ಎಂಟು, ಮೂರನೆಯವನದು ಆರು, ನಾಲ್ಕನೆಯವನದು ನಾಲ್ಕು, ಐದನೆಯವನದು ಎರಡು ಮೊಳ. ಹೀಗೆ ಮುಂದಿನ ಪ್ರತಿಯೊಬ್ಬನ ಎದುರೂ ಐದು ಮೊನೆ. ಕತ್ತಿ ಬೀಸಲು ಜಾಗ ಬೇಕಾದ ರೋಮನ್ನರು ಬಿಡಿಬಿಡಿಯಾಗಿ ನಿಲ್ಲುವುದರಿಂದ ಒಬ್ಬ ರೋಮನ್ನನಿಗೆ ಇಬ್ಬರು ಈಟಿಯವರು ಎದುರಾಗುತ್ತಾರೆ. ಅವನೊಬ್ಬ ಹತ್ತು ಮೊನೆಗಳನ್ನು ದಾಟಬೇಕು. ಐದನೆಯ ಸಾಲಿನ ಹಿಂದಿನವರು ಈಟಿಗಳನ್ನು ಮೇಲಕ್ಕೆ ಓರೆಯಾಗಿ ಹಿಡಿದು ಹಾರಿಬರುವ ಬಾಣ, ಎಸೆಯೀಟಿಗಳನ್ನು ತಡೆಯುತ್ತಾರೆ, ಮೈಭಾರದಿಂದ ಮುಂದಿನವರನ್ನು ಒತ್ತುತ್ತಾರೆ. ಹದಿನಾರು ಸಾಲು. ಇದರ ಹೆಸರು ಫ್ಯಾಲಂಕ್ಸ್.

ಹಾಗಾದರೆ ಅದು ಸೋತದ್ದು ಹೇಗೆ? ಪುಸ್ತಕದಲ್ಲಿ ಉತ್ತರ ಓದಿದ್ದೆ. ಆದರೂ ನೆಲವನ್ನು ಕಾಲಿನಿಂದ ತಿಳಿಯಬೇಕೆಂದು, ಫ್ಯಾಲಂಕ್ಸ್ ರೋಮನ್ನರಿಗೆ ಸೋತ ಪಿಡ್ನಾಕ್ಕೆ ಹೊರಟೆ.

ಥೆಸಲೋನಿಕಿಯಿಂದ ದಕ್ಷಿಣಕ್ಕೆ, ಅಥೆನ್ಸಿನ ರೈಲುದಾರಿಯಲ್ಲಿ, ಕತೆರಿನಿ ಎಂಬ ಊರು ಸಿಗುತ್ತದೆ. ಅದರ ಉತ್ತರಕ್ಕೆ ಕಡಲಿನವರೆಗೂ ಹಬ್ಬಿದ ನೆಲ. ಪೂರ್ವಕ್ಕೆ ಥರ್ಮೈಕ್ ಕೊಲ್ಲಿಯ ನೀಲಿ, ಕಿತ್ರೋಸಿನ ಉಪ್ಪಿನ ಗದ್ದೆಗಳ ಬಿಳಿ. ನೈಋತ್ಯಕ್ಕೆ ಆಕಾಶವನ್ನೇ ತಡೆದು ನಿಂತ ಒಲಿಂಪಸ್. 2,900 ಮೀಟರ್ ದಾಟಿದ ಆ ಪರ್ವತ ಕಡಲಿಗೆ ಇಷ್ಟು ಹತ್ತಿರವಿದೆಯೆಂದು ನಕ್ಷೆ ನೋಡಿದರೆ ಗೊತ್ತಾಗುತ್ತದೆ, ನಂಬಿಕೆ ಬರಲು ಅಲ್ಲಿಗೇ ಹೋಗಬೇಕು. ನಡುವೆ ಗೋಧಿ, ಆಲಿವ್, ಸಾಲುಸಾಲು ಕಿವಿಹಣ್ಣಿನ ತೋಟಗಳು. ಕದನ ನಡೆದದ್ದು ಇಂಥದ್ದೇ ಹೊಲದಲ್ಲಿ ಎಂದು ಬೇಲಿ ಹಾಕಿ ತೋರಿಸುವಂತಿಲ್ಲ. ಹಳೆಯ ಲೇಖಕರು ಹೇಳುವ ಲ್ಯೂಕಸ್, ಐಸನ್ ಎಂಬ ಎರಡು ಹೊಳೆಗಳನ್ನು ವಿದ್ವಾಂಸರು ಬೇರೆ ಬೇರೆ ಹಳ್ಳಗಳಲ್ಲಿ ಗುರುತಿಸಿದ್ದಾರೆ.

ಕ್ರಿ.ಪೂ. 168. ಒಂದು ಕಡೆ ಮ್ಯಾಸಿಡೋನಿಯದ ಕೊನೆಯ ಅರಸ ಪರ್ಸಿಯಸ್. ಇನ್ನೊಂದು ಕಡೆ ರೋಮಿನ ಕಾನ್ಸಲ್ ಲೂಸಿಯಸ್ ಎಮಿಲಿಯಸ್ ಪೌಲಸ್, ಅರವತ್ತರ ಆಸುಪಾಸಿನ ಅನುಭವಿ. ಎರಡೂ ಕಡೆ ಸುಮಾರು 40 ಸಾವಿರದಷ್ಟು ಜನ. ಪರ್ಸಿಯಸ್ ಬೇಕೆಂದೇ ಈ ಬಯಲನ್ನು ಆರಿಸಿಕೊಂಡಿದ್ದ: ಫ್ಯಾಲಂಕ್ಸಿಗೆ ಬೇಕಾದ ಸಪಾಟು ನೆಲ ಇಲ್ಲಿತ್ತು.

ಹಿಂದಿನ ರಾತ್ರಿ ಪೂರ್ಣ ಚಂದ್ರಗ್ರಹಣ. ರೋಮನ್ನರು ಕಂಚಿನ ಪಾತ್ರೆ ಬಡಿಯುತ್ತಾ, ಪಂಜುಗಳನ್ನು ಆಕಾಶಕ್ಕೆ ಎತ್ತಿ ಹಿಡಿದು ಚಂದ್ರನ ಬೆಳಕನ್ನು ಮರಳಿ ಕರೆದರು. ಗೈಯಸ್ ಸಲ್ಪಿಸಿಯಸ್ ಗ್ಯಾಲಸ್ ಎಂಬ ಅಧಿಕಾರಿ, ಇದು ಭೂಮಿಯ ನೆರಳು, ಅಂಜಬೇಕಿಲ್ಲ ಎಂದು ಸೈನಿಕರಿಗೆ ಮೊದಲೇ ತಿಳಿಸಿದ್ದನೆಂದು ಲಿವಿ ಬರೆಯುತ್ತಾನೆ. ಮ್ಯಾಸಿಡೋನಿಯದ ಪಾಳೆಯದಲ್ಲಿ ಮಾತ್ರ, ಇದು ಅರಸನಿಗೆ ಹಿಡಿದ ಗ್ರಹಣ ಎಂಬ ಪಿಸುಮಾತು ಹರಡಿತು. ಇತಿಹಾಸಕ್ಕೆ ಈ ಗ್ರಹಣದ ಉಪಕಾರ ದೊಡ್ಡದು. ರೋಮನ್ನರ ಪಂಚಾಂಗದಲ್ಲಿ ಆಗ ಸೆಪ್ಟೆಂಬರ್ ನಡೆಯುತ್ತಿತ್ತು. ಖಗೋಳದ ಲೆಕ್ಕ ಹಾಕಿದರೆ ಗ್ರಹಣ ಬಿದ್ದದ್ದು ಜೂನ್ 21ರ ರಾತ್ರಿ. ಅವರ ಪಂಚಾಂಗ ಎರಡು ತಿಂಗಳಿಗೂ ಹೆಚ್ಚು ತಪ್ಪಿ ಓಡುತ್ತಿತ್ತು ಎಂಬುದು ಆ ಚಂದ್ರನಿಂದ ತಿಳಿಯಿತು.

ಮರುದಿನ ಯಾರೂ ಮೊದಲು ಕೈ ಮಾಡಲಿಲ್ಲ. ಬಿಸಿಲು ಇಳಿಯತೊಡಗಿದ ಹೊತ್ತಿಗೆ, ರೋಮನ್ನರ ಕಡೆಯ ಕುದುರೆಯೊಂದು ಹಗ್ಗ ಬಿಡಿಸಿಕೊಂಡು ಎರಡು ಪಾಳೆಯಗಳ ನಡುವಿನ ಹೊಳೆಗೆ ಓಡಿತು. ಅದನ್ನು ಹಿಡಿಯಲು ಇವರು ಇಳಿದರು, ಆ ಕಡೆಯ ಥ್ರೇಸಿಯನ್ನರೂ ಇಳಿದರು. ಕೈ ಕೈ ಮಿಲಾಯಿಸಿತು, ನೆರವಿಗೆ ಜನ ಬಂದರು, ಇನ್ನಷ್ಟು ಜನ ಬಂದರು. ಅಲೆಕ್ಸಾಂಡರನ ವಂಶದ ನಂತರವೂ ಬಾಳಿದ್ದ ರಾಜ್ಯವೊಂದರ ಹಣೆಬರಹ ಮೊಣಕಾಲುದ್ದದ ನೀರಿನಲ್ಲಿ ಕುದುರೆ ಅಟ್ಟುವುದರಿಂದ ಶುರುವಾಯಿತು.

ಫ್ಯಾಲಂಕ್ಸ್ ಮುಂದೆ ಬಂತು. ಕಂಚಿನ ಗುರಾಣಿಗಳು ಹೊಳೆಯುತ್ತಿದ್ದವು, ಈಟಿಗಳು ಒಂದೇ ಏಟಿಗೆ ಮೇಲಿನಿಂದ ಅಡ್ಡಕ್ಕೆ ಇಳಿದವು. ಯುದ್ಧದಲ್ಲೇ ತಲೆ ನರೆಸಿಕೊಂಡ ಪೌಲಸ್, ತಾನು ಅದಕ್ಕಿಂತ ಭಯಂಕರವಾದುದನ್ನು ಕಂಡದ್ದಿಲ್ಲವೆಂದು ರೋಮಿಗೆ ಮರಳಿದ ಮೇಲೂ ಹೇಳುತ್ತಿದ್ದನಂತೆ. ಆದರೂ ಆ ಹೊತ್ತಿನಲ್ಲಿ ಅವನು ಶಿರಸ್ತ್ರಾಣ, ಕವಚ ಯಾವುದೂ ಇಲ್ಲದೆ ನಗುಮುಖದಿಂದ ತನ್ನವರ ನಡುವೆ ಓಡಾಡಿದ.

ಮೊದಲು ಎದುರಾದವರು ಇಟಲಿಯ ಪೆಲಿಗ್ನಿ ಬೆಟ್ಟಗಾಡಿನವರು. ಅವರ ನಾಯಕ ಸಾಲ್ವಿಯಸ್ ತನ್ನ ದಳದ ಧ್ವಜವನ್ನೇ ಕಿತ್ತು ಶತ್ರುಗಳ ನಡುವೆ ಎಸೆದ. ಧ್ವಜ ಬಿಟ್ಟುಬರುವುದು ಅವರಿಗೆ ಮಹಾಪಾಪ. ನುಗ್ಗಿದರು. ಕತ್ತಿಯಿಂದ ಈಟಿಗಳನ್ನು ಕಡಿಯಲು ನೋಡಿದರು, ಗುರಾಣಿಯಿಂದ ಪಕ್ಕಕ್ಕೆ ತಳ್ಳಿದರು, ಬರಿಗೈಯಲ್ಲೇ ಹಿಡಿದು ಎಳೆದರು. ಸಾರಿಸ್ಸ ಗುರಾಣಿಯನ್ನೂ ಕವಚವನ್ನೂ ಒಟ್ಟಿಗೇ ಭೇದಿಸಿ ಒಳಗೆ ಹೋಯಿತು. ಮುಂದಿನವರೆಲ್ಲ ಸತ್ತರು, ಹಿಂದಿನವರು ಗುಡ್ಡದ ಕಡೆ ಸರಿದರು. ಪ್ಲುಟಾರ್ಕ್ ಬರೆದ ಈ ಭಾಗವನ್ನು ಆ ಹೊಲದ ಅಂಚಿನಲ್ಲಿ ಕೂತು ಮತ್ತೆ ಓದಿದೆ. ಕತ್ತಿ ಮೇಲೋ ಈಟಿ ಮೇಲೋ ಎಂದು ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ ಉತ್ತರದಲ್ಲಿ ಅನುಮಾನವೇ ಇರುತ್ತಿರಲಿಲ್ಲ.

ಆಮೇಲೆ ನಾನು ಕಡಲಿನ ಕಡೆಯಿಂದ ಗುಡ್ಡದ ಕಡೆಗೆ, ಫ್ಯಾಲಂಕ್ಸ್ ಬೆನ್ನಟ್ಟಿಹೋದ ದಿಕ್ಕಿನಲ್ಲಿ ನಡೆದೆ. ರಸ್ತೆಯಿಂದ ನೋಡಿದಾಗ ಚಾಪೆ ಹಾಸಿದಂತಿದ್ದ ನೆಲ ಕಾಲಿಗೆ ಬೇರೆಯೇ ಕಥೆ ಹೇಳಿತು. ಒಂದಷ್ಟು ದೂರ ಸಪಾಟು, ಆಮೇಲೆ ಕಣ್ಣಿಗೆ ಕಾಣದಂಥ ಏರು, ಏರಿನ ಆಚೆ ತಗ್ಗು, ತಗ್ಗಿನಲ್ಲಿ ಒಣಗಿದ ಹಳ್ಳ, ಹಳ್ಳದ ಆಚೆ ಮತ್ತೆ ಏರು. ಒಬ್ಬನೇ ನಡೆಯುವವನಿಗೆ ಇದು ಯಾವ ತೊಡಕೂ ಅಲ್ಲ. ಆದರೆ ಭುಜಕ್ಕೆ ಭುಜ ತಾಗಿಸಿ, ಕಿಲೋಮೀಟರುಗಟ್ಟಲೆ ಉದ್ದದ ಸಾಲಿನಲ್ಲಿ, ಆರು ಮೀಟರಿನ ದಂಡ ಹಿಡಿದು ಸಾವಿರಾರು ಮಂದಿ ಒಟ್ಟಿಗೇ ನಡೆಯಬೇಕು. ಒಂದು ತುದಿ ತಗ್ಗಿಗೆ ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ. ಒಂದು ಕಡೆ ಶತ್ರು ಹಿಂದೆ ಸರಿದಿದ್ದಾನೆ, ಅಲ್ಲಿಯವರು ಹುಮ್ಮಸ್ಸಿನಲ್ಲಿ ಮುನ್ನುಗ್ಗುತ್ತಾರೆ. ಇನ್ನೊಂದು ಕಡೆ ಶತ್ರು ನಿಂತು ಕಾದುತ್ತಿದ್ದಾನೆ, ಅಲ್ಲಿಯವರು ತಡೆದು ನಿಲ್ಲುತ್ತಾರೆ. ನಡುವೆ ಸಾಲು ಬಿರಿಯುತ್ತದೆ.

ಪೌಲಸ್ ಆ ಬಿರುಕುಗಳನ್ನು ಕಂಡ. ಕಂಡದ್ದಷ್ಟೇ ಅಲ್ಲ, ಅದನ್ನು ಬಳಸಿಕೊಳ್ಳಬಲ್ಲ ಸೈನ್ಯವೂ ಅವನ ಬಳಿ ಇತ್ತು. ರೋಮನ್ ಲೀಜನ್ ಸುಮಾರು ನೂರಿಪ್ಪತ್ತು ಮಂದಿಯ ಚಿಕ್ಕ ತಂಡಗಳಾಗಿ ಒಡೆಯುವಂಥದ್ದು. ಎಲ್ಲರೂ ಒಂದೇ ಯುದ್ಧ ಮಾಡಬೇಡಿ, ನೂರು ಸಣ್ಣ ಯುದ್ಧಗಳನ್ನು ಮಾಡಿ, ಎಲ್ಲಿ ಸಂದು ಕಂಡರೂ ಒಳಗೆ ನುಗ್ಗಿ ಎಂಬುದು ಅವನ ಆಜ್ಞೆಯ ಸಾರ. ಒಮ್ಮೆ ಸಂದಿನೊಳಗೆ ಹೊಕ್ಕ ರೋಮನ್ನನಿಗೆ ಹತ್ತು ಮೊನೆಗಳೂ ಬೆನ್ನ ಹಿಂದೆ ಉಳಿದವು. ಅವನ ಎದುರಿಗಿದ್ದವನು ಎರಡೂ ಕೈಯಲ್ಲಿ ತಿರುಗಿಸಲಾಗದ ದಂಡ ಹಿಡಿದು, ಪಕ್ಕೆ ತೆರೆದುಕೊಂಡು ನಿಂತಿದ್ದ. ದಂಡ ಬಿಸಾಡಿ ಸೊಂಟದ ಕಿರುಗತ್ತಿ ತೆಗೆದರೆ ಅದು ರೋಮನ್ನರ ಕಾಲ್ಬೆರಳವರೆಗೂ ಮುಚ್ಚುವ ಗುರಾಣಿಯ ಮೇಲೆ ತಟ್ಟಿ ನಿಲ್ಲುತ್ತಿತ್ತು. ಮ್ಯಾಸಿಡೋನಿಯದವರ ಚಿಕ್ಕ ಗುರಾಣಿಯನ್ನು ರೋಮನ್ನರ ಭಾರದ ಕತ್ತಿ ಸೀಳಿ ಮೈ ಮುಟ್ಟುತ್ತಿತ್ತು.

ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು. ಮ್ಯಾಸಿಡೋನಿಯದ ಕಡೆ ಸತ್ತವರು 20 ಸಾವಿರಕ್ಕೂ ಹೆಚ್ಚು. ರೋಮನ್ನರ ಕಡೆ ನೂರರಷ್ಟು ಎಂದು ಹಳೆಯ ಲೇಖಕರು ಹೇಳುತ್ತಾರೆ. ಗೆದ್ದವರು ಬರೆಸಿದ ಲೆಕ್ಕ ಎಂಬುದನ್ನು ಮರೆಯದೆ ಓದಿದರೂ ಎದೆ ಭಾರವಾಗುತ್ತದೆ. ಆಯ್ದ 3,000 ಮಂದಿಯ ದಳವೊಂದು ಓಡದೆ, ಸಾಲು ಕೆಡದೆ, ನಿಂತಲ್ಲೇ ಕಾದಿ ಸತ್ತಿತು. ಮರುದಿನ ರೋಮನ್ನರು ದಾಟುವಾಗಲೂ ಲ್ಯೂಕಸ್ ಹೊಳೆಯ ನೀರು ಕೆಂಪಾಗಿತ್ತು.

ಅದಕ್ಕೂ ಮೂರು ದಶಕ ಮೊದಲು, ಕ್ರಿ.ಪೂ. 197ರಲ್ಲಿ, ಥೆಸಲಿಯ ಸೈನೋಸೆಫಲೆ ಗುಡ್ಡಗಳಲ್ಲೂ ಇದೇ ಆಗಿತ್ತು. ಅಲ್ಲಿ ಹೆಸರು ದಾಖಲಾಗದ ರೋಮನ್ ಅಧಿಕಾರಿಯೊಬ್ಬ ಇಪ್ಪತ್ತು ತಂಡಗಳನ್ನು ಕರೆದುಕೊಂಡು ಗೆಲ್ಲುತ್ತಿದ್ದ ಫ್ಯಾಲಂಕ್ಸಿನ ಬೆನ್ನ ಮೇಲೆ ಬಿದ್ದ. ತಿರುಗಲಾಗದ ಮ್ಯಾಸಿಡೋನಿಯದವರು ಈಟಿಗಳನ್ನು ನೆಟ್ಟಗೆ ಮೇಲೆತ್ತಿ ನಿಂತರು. ಅವರಲ್ಲಿ ಅದು ಶರಣಾದೆವೆಂಬ ಸೂಚನೆ. ರೋಮನ್ನರಿಗೆ ಅದು ಗೊತ್ತಿರಲಿಲ್ಲ, ಕಡಿಯುತ್ತಲೇ ಹೋದರು. ಸೇನಾಪತಿ ಫ್ಲಾಮಿನಿನಸ್‌ಗೆ ವಿಷಯ ತಿಳಿದು ತಡೆಯಲು ಮನಸ್ಸು ಮಾಡುವಷ್ಟರಲ್ಲಿ ಕೈಮೀರಿತ್ತು. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಲಕುವ ಘಟನೆ ಇದೇ.

ಇಷ್ಟರಿಂದ ಕತ್ತಿ ಈಟಿಯನ್ನು ಗೆದ್ದಿತು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಆ ಕಾಲದ ರೋಮನ್ ಲೀಜನ್ನಿನಲ್ಲೇ ಕೊನೆಯ ಸಾಲಿನವರು, ಎಲ್ಲರಿಗಿಂತ ಹಳಬರಾದ ಟ್ರಿಯಾರಿಗಳು, ಹಿಡಿಯುತ್ತಿದ್ದದ್ದು ಈಟಿಯನ್ನು. ಮುಂದಿನವರೆಲ್ಲ ಸೋತು ಹಿಂದೆ ಬಂದಾಗ ಕೊನೆಯ ನಂಬಿಕೆ ಅದರ ಮೇಲೆ. ಕತ್ತಿಯವನೂ ಮೊದಲು ಎಸೆಯೀಟಿ ಎಸೆದೇ ಕತ್ತಿ ಹಿರಿಯುತ್ತಿದ್ದ. ಇನ್ನು ಅಲೆಕ್ಸಾಂಡರನ ಕಾಲದಲ್ಲಿ ಈಟಿಯ ಗೋಡೆ ಶತ್ರುವನ್ನು ಎದುರಿನಿಂದ ಹಿಡಿದು ನಿಲ್ಲಿಸುತ್ತಿತ್ತು, ಬದಿಯಿಂದ ಹೊಡೆಯಲು ಅವನ ಕುದುರೆಪಡೆ ಇರುತ್ತಿತ್ತು. ಪರ್ಸಿಯಸ್‌ನ ಕುದುರೆಪಡೆ ಪಿಡ್ನಾದಲ್ಲಿ ಹೆಚ್ಚುಕಡಿಮೆ ಹೋರಾಡದೆಯೇ ಅವನೊಡನೆ ಹೊರಟುಹೋಯಿತು. ಈಟಿಯ ಬಲವೆಲ್ಲ ಪಕ್ಕದವನಲ್ಲಿ, ಕಾಲ ಕೆಳಗಿನ ನೆಲದಲ್ಲಿ. ಅವೆರಡೂ ಇದ್ದಷ್ಟು ಹೊತ್ತು ಅದಕ್ಕೆ ಎದುರಿರಲಿಲ್ಲ.

ಪ್ರವಾಸದ ಕೊನೆಗೆ ಡೆಲ್ಫಿ. ಅಲ್ಲಿ ಅಪೊಲೋ ದೇವಾಲಯದ ಮುಂದೆ ಪರ್ಸಿಯಸ್ ತನ್ನ ಪ್ರತಿಮೆಗಾಗಿ ಎತ್ತರದ ಕಂಬವೊಂದನ್ನು ಕಟ್ಟಿಸುತ್ತಿದ್ದ. ಗೆದ್ದ ಪೌಲಸ್ ಅದರ ಮೇಲೆ ತನ್ನ ಪ್ರತಿಮೆ ನಿಲ್ಲಿಸಿದ, ಕಂಬದ ಸುತ್ತ ಕದನದ ದೃಶ್ಯ ಕೆತ್ತಿಸಿದ. ಪ್ರತಿಮೆ ಉಳಿದಿಲ್ಲ, ಕೆತ್ತನೆಯ ಫಲಕಗಳು ಅಲ್ಲಿನ ಸಂಗ್ರಹಾಲಯದಲ್ಲಿವೆ. ಹೋರಾಡುವವರು, ಬಿದ್ದವರು, ಕುದುರೆ ಏರಿದವರು; ಅವರ ನಡುವೆ ಸವಾರನಿಲ್ಲದ ಒಂದು ಕುದುರೆ. ಹಗ್ಗ ಬಿಡಿಸಿಕೊಂಡು ಹೊಳೆಗೆ ಓಡಿದ ಕುದುರೆಯೇ ಅದು ಎಂದು ಪಂಡಿತರು ಗುರುತಿಸುತ್ತಾರೆ. ಕಥೆ ಪುಸ್ತಕದಲ್ಲಿ ಮಾತ್ರ ಇದೆಯೆಂದುಕೊಂಡಿದ್ದವನಿಗೆ ಅಮೃತಶಿಲೆಯಲ್ಲಿ ಆ ಪ್ರಾಣಿ ಎದುರಾದಾಗ ಬಹಳ ಹೊತ್ತು ಅಲ್ಲಿಂದ ಕದಲಲಾಗಲಿಲ್ಲ.

ಸಾರಿಸ್ಸದ ಕಥೆ ಈ ಕಂಬದ ಬಳಿಯೂ ಮುಗಿಯುವುದಿಲ್ಲ. ಪಿಡ್ನಾದ ಬಳಿಕ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಅಲೆಕ್ಸಾಂಡರನ ಹುಚ್ಚು ಹಿಡಿಸಿಕೊಂಡಿದ್ದ ರೋಮನ್ ಚಕ್ರವರ್ತಿ ಕಾರಕಲ್ಲ, ಮ್ಯಾಸಿಡೋನಿಯದವರನ್ನೇ ಸೇರಿಸಿ 16 ಸಾವಿರ ಮಂದಿಯ ಫ್ಯಾಲಂಕ್ಸ್ ಕಟ್ಟಿ ಅವರ ಕೈಗೆ ಉದ್ದ ಈಟಿ ಕೊಟ್ಟನೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಅದು ಚಕ್ರವರ್ತಿಯ ಆಸೆ ಇರಬಹುದು. ಆದರೆ ಅದೇ ಶತಮಾನದಲ್ಲಿ ರೋಮಿನ ಸಾಮಾನ್ಯ ಕಾಲಾಳೂ ಒಂದೂವರೆ ಮೊಳದ ಕತ್ತಿಯನ್ನು ಬಿಟ್ಟು, ಸೊಂಟಕ್ಕೆ ಉದ್ದ ಕತ್ತಿ ಕಟ್ಟಿ, ಕೈಗೆ ಈಟಿ ತೆಗೆದುಕೊಳ್ಳತೊಡಗಿದ್ದ.